ಪರದೇಶದ ಗೆಳೆಯರಿಗೆ ಶಿವಮೊಗ್ಗದ ರಾತ್ರಿ ತೋರಿಸುವುದು ಹೇಗೆ?

ಶಿವಮೊಗ್ಗದಲ್ಲಿ ರಾತ್ರಿ ಒಂಬತ್ತೂವರೆಗೆಲ್ಲ ಅಂಗಡಿಗಳ ಷಟರ್ ಇಳಿಯತೊಡಗುತ್ತವೆ. ಹತ್ತೂವರೆಯ ಮೇಲೆ ದುರ್ಗಿಗುಡಿಯ ಬೀದಿಗಳಲ್ಲಿ ನಾಯಿಗಳದೇ ಕಾರುಬಾರು. ಬರ್ಲಿನ್‌ನಿಂದಲೋ ಒಸಾಕಾದಿಂದಲೋ ಬಂದ ಗೆಳೆಯ "ರಾತ್ರಿ ನಿಮ್ಮ ಊರು ಸುತ್ತೋಣವೇ?" ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. "ನಮ್ಮೂರಲ್ಲಿ ರಾತ್ರಿ ಏನಿದೆ, ನಾಳೆ ಜೋಗಕ್ಕೆ ಹೋಗೋಣ" ಎಂದು ಮಾತು ತೇಲಿಸುತ್ತೇವೆ.

ಇದೆ, ಆದರೆ ಎರಡು ಪಾಳಿಯಲ್ಲಿದೆ. ಮೊದಲ ಪಾಳಿ ಪೇಟೆಯಲ್ಲಿ, ದೀಪ ಹಚ್ಚುವ ಹೊತ್ತಿನಿಂದ ಒಂಬತ್ತರವರೆಗೆ. ಎರಡನೆಯದು ಹಳ್ಳಿಗಳಲ್ಲಿ: ಯಕ್ಷಗಾನ ಬಯಲಾಟದ (ನಮ್ಮ ಮಾತಿನಲ್ಲಿ ಬರಿಯ 'ಆಟ') ಗದ್ದೆ, ಬೆಲ್ಲ ಕಾಯಿಸುವ ಆಲೆಮನೆ, ಅಡಿಕೆ ಸುಲಿಯುವ ಅಂಗಳ, ಜಾತ್ರೆಯ ಹೊಳೆದಂಡೆ. ಮೊದಲನೆಯದನ್ನು ಪರದೇಶದವರು ನಕಾಶೆ ಹಿಡಿದು ತಾವೇ ನೋಡಿಕೊಳ್ಳಬಲ್ಲರು. ಎರಡನೆಯದಕ್ಕೆ ಟಿಕೆಟ್ ಇಲ್ಲ, ಬೋರ್ಡ್ ಇಲ್ಲ. ಯಾರದೋ ಮನೆಯ ಕರೆ ಬೇಕು. ಊರಿನ ಗೆಳೆಯ ಬೇಕಾಗುವುದು ಅಲ್ಲಿಗೆ. ಈ ಬರಹ ಆ ಗೆಳೆಯನಿಗಾಗಿ, ಅಂದರೆ ನಿಮಗಾಗಿ.

ಅವರು ಬರುವ ಮುನ್ನ

ಮೊದಲು ಕಾಗದದ ಕೆಲಸ ಮುಗಿಸಿ. ವಿದೇಶಿ ಪ್ರಜೆಗೆ ತಂಗಲು ಜಾಗ ಕೊಟ್ಟವರು, ಅದು ಹೋಟೆಲ್ ಆಗಿರಲಿ, ಹೋಂಸ್ಟೇ ಆಗಿರಲಿ, ನಿಮ್ಮದೇ ಮನೆಯಾಗಿರಲಿ, 24 ಗಂಟೆಯೊಳಗೆ ಅವರ ಮಾಹಿತಿಯನ್ನು (ಮೊದಲು ಇದನ್ನು 'ಫಾರ್ಮ್ ಸಿ' ಎನ್ನುತ್ತಿದ್ದರು) ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. "ನಮ್ಮ ಮನೆಗೆ ಬಂದ ನೆಂಟನಂತೆ, ಯಾರು ಕೇಳುತ್ತಾರೆ" ಎನ್ನುವವರಿದ್ದಾರೆ. ರಾತ್ರಿ ತಿರುಗುವಾಗ ಗಸ್ತಿನ ಪೊಲೀಸರು ನಿಲ್ಲಿಸಿ ಕೇಳುವುದು ಮೊದಲು ಇದನ್ನೇ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಅವರ ಜೇಬಿನಲ್ಲಿರಲಿ, ಮೂಲ ಮನೆಯ ಕಪಾಟಿನಲ್ಲಿರಲಿ. ಚಾರಣದ ಹುಚ್ಚಿನವರಾದರೆ ಇನ್ನೊಂದು ಮಾತನ್ನು ಮೊದಲೇ ತಿಳಿಸಿ: ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಡ್ರೋನ್ ಕೂಡ ಅವರ ಊರಿನಲ್ಲೇ ಉಳಿಯಲಿ.

ಎರಡನೆಯದು ನಿದ್ದೆಯ ಲೆಕ್ಕ. ಇದನ್ನು ಯಾರೂ ಹಾಕುವುದಿಲ್ಲ, ಆಮೇಲೆ ಅತಿಥಿ ಎಲೆಯ ಮುಂದೆ ತೂಕಡಿಸಿದಾಗ ಬೇಸರಪಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ತಾಸು ಹಿಂದಿದೆ. ನಮ್ಮ ರಾತ್ರಿ ಹನ್ನೊಂದು ಅವರ ದೇಹಕ್ಕೆ ಸಂಜೆ ಆರೂವರೆ. ಹಾಗಾಗಿ ಯುರೋಪಿನವರನ್ನು ಬಂದ ಮೊದಲ ದಿನಗಳಲ್ಲೇ ಆಟಕ್ಕೆ ಕರೆದುಕೊಂಡು ಹೋಗಿ, ನಿಮಗಿಂತ ಚುರುಕಾಗಿ ಕೂತಿರುತ್ತಾರೆ. ಜಪಾನಿನವರ ಕಥೆ ತಿರುಗುಮುರುಗು. ಜಪಾನ್ ಮೂರೂವರೆ ತಾಸು ಮುಂದಿರುವುದರಿಂದ ನಮ್ಮ ರಾತ್ರಿ ಎಂಟು ಅವರಿಗೆ ಹನ್ನೊಂದೂವರೆ. ಅಂಥವರಿಗೆ ಮೊದಲು ಪೇಟೆಯ ಸಂಜೆ ಸಾಕು, ಹಳ್ಳಿಯ ರಾತ್ರಿ ನಾಲ್ಕು ದಿನ ಕಳೆದ ಮೇಲೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರನ್ನು ಅದೇ ರಾತ್ರಿ ಮತ್ತೆ ಎಬ್ಬಿಸಿ ಕೂರಿಸುವ ಉತ್ಸಾಹವಂತೂ ಯಾರಿಗೂ ಬೇಡ.

ಮೂರನೆಯದಾಗಿ ಕ್ಯಾಲೆಂಡರ್ ತೆಗೆದು ಹುಣ್ಣಿಮೆ, ಅಮಾವಾಸ್ಯೆ ಗುರುತು ಹಾಕಿ. ಹೊಳೆದಂಡೆಗೆ ಬೆಳದಿಂಗಳು ಚೆಂದ. ನಕ್ಷತ್ರಕ್ಕೂ ಮಿಂಚುಹುಳಕ್ಕೂ ಅಮಾವಾಸ್ಯೆಯ ಆಸುಪಾಸು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ರಾತ್ರಿಯನ್ನು ಯೋಜಿಸುವುದೆಂದರೆ ಮಳೆಯ ಜೊತೆ ಜೂಜಾಡಿದಂತೆ. ಆ ತಿಂಗಳುಗಳಲ್ಲಿ ಬಂದವರನ್ನು ಜಗಲಿಯಲ್ಲಿ ಕೂರಿಸಿ, ಕಷಾಯ ಕೊಟ್ಟು, ಕಪ್ಪೆಗಳ ವಟವಟ ಕೇಳಿಸಿದರೆ ಅದೇ ದೊಡ್ಡ ಕಾರ್ಯಕ್ರಮ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಎಲ್ಲ ರೀತಿಯಿಂದಲೂ ಒಳ್ಳೆಯದು.

ಆಮೇಲೆ ಒಂದು ನಿರ್ಧಾರ ಮಾಡಿ: ಒಂದು ರಾತ್ರಿಗೆ ಒಂದೇ ಸಂಗತಿ. ಗಾಂಧಿ ಬಜಾರ್, ಹೊಳೆ, ಚಿಕ್ಕಮ್ಮನ ಮನೆಯ ಊಟ, ತೀರ್ಥಹಳ್ಳಿಯ ಆಟ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಅತಿಥಿ ಏನನ್ನೂ ನೋಡುವುದಿಲ್ಲ, ಕಾರಿನ ಕಿಟಕಿ ಮಾತ್ರ ನೋಡುತ್ತಾನೆ.

ಮೊದಲ ಪಾಳಿ: ಪೇಟೆ

ಸಂಜೆ ಬೇಗ ಹೊರಡಿ. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗಿ, ಅರ್ಧ ಗಂಟೆಯೊಳಗೆ ಕತ್ತಲು ಕವಿದಿರುತ್ತದೆ. ಉತ್ತರದ ದೇಶಗಳ ಉದ್ದನೆಯ ಮುಸ್ಸಂಜೆಗೆ ಹೊಂದಿಕೊಂಡವರಿಗೆ ಇದೇ ಮೊದಲ ಅಚ್ಚರಿ. ಶಿವಪ್ಪನಾಯಕ ವೃತ್ತದ ಬಳಿ ಇಳಿದು ಗಾಂಧಿ ಬಜಾರಿನೊಳಗೆ ಕಾಲ್ನಡಿಗೆಯಲ್ಲೇ ಹೋಗಿ. ಕಾರನ್ನು ಒಳಗೆ ತರುವ ಯೋಚನೆ ಬೇಡ. ಆರೂವರೆಯಿಂದ ಎಂಟರವರೆಗೆ ಅಲ್ಲಿ ಹೂವು, ಬಳೆ, ಪಾತ್ರೆ, ಬಟ್ಟೆ, ಅರಿಶಿನ ಕುಂಕುಮ ಎಲ್ಲದರ ವ್ಯಾಪಾರ ಜೋರಾಗಿರುತ್ತದೆ.

ಇಲ್ಲಿ ನೀವು ಮಾಡಬೇಕಾದ ಮುಖ್ಯ ಕೆಲಸ ಸುಮ್ಮನಿರುವುದು. ಪ್ರತಿ ಅಂಗಡಿಯ ಮುಂದೆ ನಿಂತು ಇತಿಹಾಸ ಹೇಳುವ ಗೆಳೆಯನ ಜೊತೆ ಸುತ್ತುವುದು ಶಿಕ್ಷೆ. ಬದಲಿಗೆ ನಿಮ್ಮ ಮನೆಗೆ ಬೇಕಾದ ಸಾಮಾನಿನ ಚೀಟಿಯನ್ನೇ ತೆಗೆದುಕೊಂಡು ಹೋಗಿ: ಒಂದು ಮಾರು ಸೇವಂತಿಗೆ, ಹತ್ತು ಬಾಳೆ ಎಲೆ, ಕಾಲು ಕೆ.ಜಿ. ಬೆಲ್ಲ. ಅತಿಥಿಯ ಕೈಗೆ ಚಿಲ್ಲರೆ ಕೊಟ್ಟು ಹೂವನ್ನು ಅವರೇ ಕೊಳ್ಳಲಿ. ಹೂವು ಮಾರುವವರು ಮೊಳಕೈಯಿಂದ ಬೆರಳ ತುದಿಗೆ ಅಳೆದು, ಕೊನೆಗೆ ಒಂದು ತುಂಡು ಹೆಚ್ಚಿಗೆ ಬಿಟ್ಟು ಕತ್ತರಿಸುವುದನ್ನು ನೋಡಿದರೆ ನಮ್ಮ ವ್ಯಾಪಾರದ ರೀತಿ ಅವರಿಗೆ ಅರ್ಥವಾಗುತ್ತದೆ. ಫೋಟೋ ತೆಗೆಯುವ ಮೊದಲು ಕೇಳಬೇಕು ಎಂಬುದನ್ನು ಮಾತ್ರ ಮನೆಯಲ್ಲೇ ಹೇಳಿ ಕರೆತನ್ನಿ. ಕೇಳಿದರೆ ಬಹುಮಂದಿ ಸೆರಗು ಸರಿಮಾಡಿಕೊಂಡು ನಗುತ್ತಾರೆ. ಕೇಳದೆ ತೆಗೆದರೆ ಬೈಗುಳ ಬೀಳುವುದು ನಿಮಗೆ.

ಬಜಾರಿನ ಸಮೀಪವೇ ಕೋಟೆ ಮಾರಿಕಾಂಬಾ ದೇವಸ್ಥಾನವಿದೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವಾಗ ದೇವಿಯನ್ನು ಮೊದಲು ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರಿಸಿ, ಆಮೇಲೆ ಗದ್ದುಗೆಗೆ ಕರೆತರುತ್ತಾರೆ. ಆ ರಾತ್ರಿಗಳಲ್ಲಿ ಅತಿಥಿ ಊರಿನಲ್ಲಿದ್ದರೆ ಬೇರೆ ಯಾವ ಯೋಜನೆಯೂ ಬೇಕಿಲ್ಲ. ಆದರೆ ಜನಜಂಗುಳಿ ಎಂದರೆ ಏನೆಂದು ಮೊದಲೇ ವಿವರಿಸಿ, ಕೈಬಿಟ್ಟುಹೋದರೆ ಎಲ್ಲಿ ಸೇರಬೇಕು ಎಂದು ಗೊತ್ತುಮಾಡಿ. ದಸರೆ ಮತ್ತು ಗಣಪತಿ ವಿಸರ್ಜನೆಯ ಮೆರವಣಿಗೆಗೂ ಇದೇ ಮಾತು; ರಸ್ತೆಯ ಬದಲು ಪರಿಚಯದವರ ಮಹಡಿ ಹುಡುಕಿಕೊಳ್ಳಿ. ಕ್ರಿಸ್‌ಮಸ್ ಮುನ್ನಾದಿನ ಬಂದವರಿಗೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ದೀಪಾಲಂಕಾರ ತೋರಿಸಿ. ರಂಜಾನ್ ತಿಂಗಳಾದರೆ ಉಪವಾಸ ಬಿಡುವ ಹೊತ್ತಿನ ತಿನಿಸಿನ ಗಾಡಿಗಳಿವೆ. ಇನ್ನು ಊರಿನಲ್ಲಿ ಏನಾದರೂ ಬಿಗುವಿದ್ದು ನಿಷೇಧಾಜ್ಞೆ ಹಾಕಿದ್ದರೆ ಆ ಸಂಜೆ ಮನೆಯಲ್ಲೇ ಇರಿ. ಬೆಳಗಿನ ಪತ್ರಿಕೆ ನೋಡಿ ಹೊರಡುವ ಅಭ್ಯಾಸ ಒಳ್ಳೆಯದು.

ಅತಿಥಿಗೆ ರಂಗಭೂಮಿಯಲ್ಲಿ ಆಸಕ್ತಿ ಇದ್ದರೆ ಆ ವಾರ ಕುವೆಂಪು ರಂಗಮಂದಿರದಲ್ಲಿ ಯಾವ ನಾಟಕವಿದೆ ಎಂದು ವಿಚಾರಿಸಿ. ನಮ್ಮ ಜಿಲ್ಲೆಯಲ್ಲಿ ಸಂಜೆ ನಾಟಕ ನೋಡುವುದು ಸಣ್ಣ ಹಳ್ಳಿಗೂ ಹೊಸದಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತುವ 'ತಿರುಗಾಟ'ವನ್ನೂ ಆರಂಭಿಸಿತು. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ಷೇಕ್ಸ್‌ಪಿಯರ್‌ನನ್ನು ಕನ್ನಡದಲ್ಲಿ ಆಡುತ್ತಾರೆ ಎಂದರೆ ಇಂಗ್ಲೆಂಡಿನಿಂದ ಬಂದವರೂ ಕಿವಿ ನಿಮಿರಿಸುತ್ತಾರೆ. ಭಾಷೆ ಬಾರದಿದ್ದರೂ ಕಥೆ ಗೊತ್ತಿರುವ ನಾಟಕವಾದರೆ ಕೊನೆಯವರೆಗೆ ಕೂರಬಲ್ಲರು.

ತಿನ್ನುವ ವಿಚಾರ

ಗಾಡಿಯ ತಿಂಡಿಗೆ ಒಂದೇ ನಿಯಮ: ಕಣ್ಣೆದುರು ಬಿಸಿಯಾಗಿ ಬಾಣಲೆಯಿಂದ, ಕಾವಲಿಯಿಂದ ಇಳಿದದ್ದನ್ನು ತಿನ್ನಿಸಿ. ಮೆಣಸಿನಕಾಯಿ ಬಜ್ಜಿ, ಪಡ್ಡು, ದೋಸೆ, ಆಮ್ಲೆಟ್ ಆಗಬಹುದು. ಪಾನಿಪುರಿಯ ನೀರು, ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ರಸ ಮೊದಲ ವಾರ ಬೇಡ. ಮಂಡಕ್ಕಿಯಲ್ಲಿ ಹಸಿ ಈರುಳ್ಳಿ, ಟೊಮೆಟೊ ಬೀಳುವುದರಿಂದ ಅದನ್ನು ಮನೆಯಲ್ಲೇ ಮಾಡಿಕೊಟ್ಟರೆ ನೆಮ್ಮದಿ. ಶೇಂಗಾ ತಿಂದರೆ ಆಗದವರು ಪರದೇಶದಲ್ಲಿ ಬಹಳ ಮಂದಿ ಇದ್ದಾರೆ, ಕೆಲವರಿಗೆ ಅದು ಪ್ರಾಣಕ್ಕೇ ಅಪಾಯ. ನಮ್ಮ ಚಟ್ನಿ, ಚಿತ್ರಾನ್ನ, ಚುರುಮುರಿ ಎಲ್ಲದರಲ್ಲೂ ಅದು ಇರುತ್ತದೆ. ಕೇಳದೆ ಒಂದು ತುತ್ತೂ ಕೊಡಬೇಡಿ.

ಆದರೂ ಊಟ ಮನೆಯಲ್ಲೇ ಆಗಲಿ ಎನ್ನುವವನು ನಾನು. ಹೋಟೆಲಿನ ಉತ್ತರ ಭಾರತದ ಥಾಲಿಯನ್ನು ಅವರು ತಮ್ಮ ಊರಿನ ಭಾರತೀಯ ಹೋಟೆಲಿನಲ್ಲೇ ತಿಂದಿರುತ್ತಾರೆ. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಪತ್ರೊಡೆ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ ಯಾವ ದೇಶದ ಹೋಟೆಲಿನಲ್ಲೂ ಸಿಗುವುದಿಲ್ಲ. ಅಮ್ಮನಿಗೆ ಅಥವಾ ಅತ್ತೆಗೆ ಎರಡು ಸೂಚನೆ ಮುಂಚೆಯೇ ಕೊಡಿ. ಒಂದು, ಖಾರವನ್ನು ಬೇರೆ ಬಟ್ಟಲಲ್ಲಿ ಇಡುವುದು. ಎರಡು, ಬಲವಂತ ಮಾಡದಿರುವುದು. ಎರಡನೆಯದು ಮಲೆನಾಡಿನ ಮನೆಯಲ್ಲಿ ನಡೆಯುವ ಮಾತಲ್ಲ ಎಂದು ಗೊತ್ತು. ಆದ್ದರಿಂದ ಎಲೆಯ ಮೇಲೆ ಅಡ್ಡಗೈ ಇಡುವುದನ್ನು ಅತಿಥಿಗೂ ಕಲಿಸಿಬಿಡಿ. "ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ" ಎಂಬ ಪ್ರಶ್ನೆಗಳು ಹಪ್ಪಳದ ಜೊತೆಗೇ ಬರುತ್ತವೆ ಎಂದೂ ತಿಳಿಸಿರಿ. ಮೊದಲೇ ತಿಳಿದಿದ್ದರೆ ಅವರೂ ತಿರುಗಿ ನಿಮ್ಮ ಮಾವನ ಸಂಬಳ ಕೇಳುತ್ತಾರೆ. ಮಾತು ಬೆಳೆಯುವುದು ಹಾಗೆಯೇ.

ಎರಡನೇ ಪಾಳಿ: ಬಯಲಾಟ

ಪರದೇಶದ ಗೆಳೆಯರಿಗೆ ತೋರಿಸಲು ಒಂದೇ ಒಂದು ರಾತ್ರಿ ಇದೆ ಎಂದಾದರೆ ಆಟಕ್ಕೆ ಕರೆದೊಯ್ಯಿರಿ. ಮಳೆ ನಿಂತು ಬೆಳೆ ಮನೆಗೆ ಬರುವ ನವೆಂಬರ್‌ನಿಂದ ಮೇ ತಿಂಗಳವರೆಗೆ ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹರಕೆ ಆಟಗಳು ನಡೆಯುತ್ತಲೇ ಇರುತ್ತವೆ. ಹರಕೆ ಆಟವೆಂದರೆ ಒಂದು ಮನೆಯವರು ಹೇಳಿಕೊಂಡು ಆಡಿಸುವ ಸೇವೆ, ನೋಡಲು ಹಣ ಕೊಡಬೇಕಿಲ್ಲ. ಎಲ್ಲಿದೆ ಎಂದು ತಿಳಿಯಲು ಗೋಡೆಯ ಕರಪತ್ರಗಳನ್ನೂ ಊರಿನ ಚಹಾದಂಗಡಿಯವರನ್ನೂ ನಂಬಿ. ಈಗ ಹಲವೆಡೆ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿ ಪ್ರದರ್ಶನಗಳಿವೆ. ಮೊದಲ ಸಲ ಬಂದವರಿಗೆ ಅದು ಸಾಕು ಎಂದು ಅನೇಕರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬೆಳಗಿನವರೆಗೆ ಇರಬೇಕಾಗಿಲ್ಲ, ಆದರೆ ಬೆಳಗಿನವರೆಗೆ ನಡೆಯುವ ಆಟವೇ ಆಗಿರಲಿ. ನಿದ್ದೆಗೆಟ್ಟ ಸಭೆ, ಚಾಪೆಯ ಮೇಲೆ ಮಲಗಿದ ಮಕ್ಕಳು, ರಾಕ್ಷಸ ಬಂದಾಗ ಎದ್ದು ಕೂರುವ ಅಜ್ಜಂದಿರು ಎಲ್ಲ ಸೇರಿಯೇ ಅದು ಆಟ.

ಹೋಗುವ ಮುನ್ನ ಪ್ರಸಂಗ ಯಾವುದೆಂದು ತಿಳಿದುಕೊಂಡು ಕಥೆಯನ್ನು ಐದಾರು ಮಾತಿನಲ್ಲಿ ಹೇಳಿ: ಯಾರು, ಯಾರ ಮೇಲೆ ಸಿಟ್ಟು, ಕೊನೆಗೆ ಯಾರು ಸಾಯುತ್ತಾರೆ. ಮಹಾಭಾರತವನ್ನು ಆದಿಪರ್ವದಿಂದ ಆರಂಭಿಸಬೇಡಿ. ಅದಕ್ಕಿಂತ ಮುಖ್ಯವಾಗಿ ಒಂದು ಸಂಗತಿ ತಿಳಿಸಬೇಕು. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಅದರ ಮೇಲೆ ವೇಷಧಾರಿಗಳು ಆಡುವ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವುದು. ಭೀಷ್ಮನೂ ಪರಶುರಾಮನೂ ವಾದಕ್ಕಿಳಿದಾಗ ಒಬ್ಬನ ಮಾತಿಗೆ ಇನ್ನೊಬ್ಬ ಏನು ಉತ್ತರ ಕೊಡುತ್ತಾನೆಂದು ಮೇಳದವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಇದು ತಿಳಿದ ಮೇಲೆ ಅತಿಥಿ ಕಿರೀಟ ನೋಡುವುದನ್ನು ಬಿಟ್ಟು ಮುಖ ನೋಡಲು ಶುರುಮಾಡುತ್ತಾರೆ.

ಒಂಬತ್ತು ಗಂಟೆಗೆ ಮೊದಲೇ ತಲುಪಿ, ನೇರ ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋಗಿ. ಮೇಳದ ಯಜಮಾನರನ್ನೋ ಆಟ ಆಡಿಸುವ ಮನೆಯವರನ್ನೋ ಕಂಡು "ನಮ್ಮ ಜೊತೆ ಬಂದವರು, ಬಣ್ಣ ಹಚ್ಚುವುದನ್ನು ನೋಡಬಹುದೇ" ಎಂದು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಚಪ್ಪಲಿ ಹೊರಗಿರಲಿ. ಒಳಗೆ ಗಣಪತಿಯ ಮುಂದೆ ದೀಪ ಉರಿಯುತ್ತಿರುತ್ತದೆ, ಅದಕ್ಕೆ ಅಡ್ಡ ನಿಲ್ಲಬಾರದು. ಕಲಾವಿದರು ತಮ್ಮ ಬಣ್ಣವನ್ನು ತಾವೇ ಬರೆದುಕೊಳ್ಳುತ್ತಾರೆ. ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕೆಯಾಗಿ ಮುಖಕ್ಕೆ ಇಡುವುದಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ. ಅತಿಥಿ ಆ ಮುಖವನ್ನು ಇಲ್ಲಿ ಬರಿಯ ಮುಖವಾಗಿ ನೋಡಿದ್ದು, ನಡುರಾತ್ರಿಯ ಮೇಲೆ ಅದೇ ಮುಖ ಪಂಜಿನ ಬೆಳಕಿನಲ್ಲಿ ಆರ್ಭಟಿಸುತ್ತ ಬಂದರೆ ಅವರಿಗೆ ನಿಮ್ಮ ವಿವರಣೆ ಬೇಕಾಗುವುದಿಲ್ಲ. ಫೋಟೋ ತೆಗೆಯಬಹುದು, ಫ್ಲ್ಯಾಶ್ ಬೇಡ.

ಆಮೇಲೆ ಬಯಲಿಗೆ ಬಂದು ಜಾಗ ಹಿಡಿಯಿರಿ. ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಮುಂದೆ ಕೂರಿಸಲು ಊರಿನವರು ಮುಂದಾಗುತ್ತಾರೆ, ವಿನಯದಿಂದ ಬೇಡವೆಂದು ಹೇಳಿ. ಮುಂದಿನ ಸಾಲಿನಲ್ಲಿ ಕೂತ ಅತಿಥಿ ಹನ್ನೆರಡಕ್ಕೆ ಎದ್ದು ಹೋಗುವಂತಿಲ್ಲ, ಸನ್ಮಾನ ಮಾಡಿ ಹಾರ ಹಾಕುವ ಅಪಾಯವೂ ಇದೆ. ಅಂಚಿನಲ್ಲಿ ಚಾಪೆ ಹಾಸಿ, ಕಂಬಳಿ ಹೊದ್ದು ಕೂತರೆ ಎದ್ದು ಚಹಾ ಕುಡಿಯಬಹುದು, ಅರ್ಧ ಗಂಟೆ ಮಲಗಬಹುದು. ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿಯ ಮೇಲೆ ಮಂಜು ಸುರಿಯುವುದರಿಂದ ತಲೆಗೆ ಟೋಪಿ ಬೇಕೇ ಬೇಕು. ಭಾರತವೆಂದರೆ ಸೆಕೆ ಎಂದುಕೊಂಡು ತೆಳು ಅಂಗಿ ತಂದವರಿಗೆ ನಿಮ್ಮ ಸ್ವೆಟರ್ ಕೊಡಿ. ಶುರುವಿನ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ತಪ್ಪಿಸಬೇಡಿ. ಪ್ರಸಂಗ ಶುರುವಾಗುವವರೆಗೆ ಕಥೆಯ ಭಾರವಿಲ್ಲದೆ ಕುಣಿತವನ್ನಷ್ಟೇ ನೋಡಬಹುದು. ಭಾಷೆ ಬಾರದವರಿಗೆ ಅದು ಅನುಕೂಲ. ನಡುವೆ ಹಾಸ್ಯಗಾರ ಬಂದಾಗ ಎಲ್ಲರೂ ನಗುತ್ತಾರೆ, ಅತಿಥಿ ನಿಮ್ಮ ಮುಖ ನೋಡುತ್ತಾರೆ. ಆ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಬೇಡಿ, ಅರ್ಧ ಹೇಳುವಷ್ಟರಲ್ಲಿ ಎರಡನೆಯ ನಗೆ ಬಂದುಹೋಗಿರುತ್ತದೆ.

ಎರಡು ಗಂಟೆಯ ಹೊತ್ತಿಗೆ ಅತಿಥಿಯ ಮುಖ ಗಮನಿಸಿ. ಇನ್ನೂ ಇರುತ್ತೇನೆ ಎಂದರೆ ಇರಲಿ. ಆದರೆ ವಾಪಸು ಗಾಡಿ ಓಡಿಸುವವರು ನಿದ್ದೆ ಮಾಡಿರಬೇಕು. ಒಂದೋ ಚಾಲಕರು ಬೇರೆ ಇರಬೇಕು, ಇಲ್ಲವೇ ಆ ಊರಿನಲ್ಲೇ ಯಾರದ್ದಾದರೂ ಜಗಲಿಯಲ್ಲಿ ಮಲಗಿ ಬೆಳಿಗ್ಗೆ ಹೊರಡಬೇಕು. ಇದರಲ್ಲಿ ರಿಯಾಯಿತಿ ಬೇಡ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಕಾಡಂಚಿನ ರಸ್ತೆ. ಮಂಜು, ದನ, ಬಣ್ಣ ಬಳಿಯದ ಹಂಪುಗಳು ಎಲ್ಲವೂ ಆ ಹೊತ್ತಿನಲ್ಲೇ ಎದುರಾಗುವುದು.

ಆಲೆಮನೆ, ಅಡಿಕೆ ಅಂಗಳ, ಹಬ್ಬದ ರಾತ್ರಿ

ಆಟ ಸಿಗದ ವಾರವಾದರೆ ಕಾಲಕ್ಕೆ ತಕ್ಕಂತೆ ಬೇರೆ ದಾರಿಗಳಿವೆ.

ಜನವರಿಯಿಂದ ಮಾರ್ಚ್‌ವರೆಗೆ ಸಾಗರ, ಹೊಸನಗರ, ಸೊರಬದ ಕಡೆ ಆಲೆಮನೆಗಳು ನಡೆಯುತ್ತವೆ. ಕೋಣ ಕಟ್ಟಿ ತಿರುಗಿಸುವ ಗಾಣ ಅಪರೂಪವಾಗಿದೆ, ಈಗ ಯಂತ್ರವೇ ಹೆಚ್ಚು. ಆದರೆ ಕೊಪ್ಪರಿಗೆಯ ಕೆಳಗಿನ ಬೆಂಕಿ, ಕುದಿಯುವ ಕಬ್ಬಿನ ಹಾಲು, ಮೇಲೆ ಬರುವ ಕೊಳೆ ತೆಗೆಯುವವರ ಎಚ್ಚರ ಹಾಗೆಯೇ ಇವೆ. ಸಂಜೆ ಏಳರ ನಂತರ ಹೋಗಿ. ಮೊದಲು ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮಿರ್ಚಿ. ಬೆಲ್ಲ ಹದಕ್ಕೆ ಬರುವ ಹೊತ್ತಿಗೆ ನೊರೆಬೆಲ್ಲ. ಎರಡು ಲೋಟಕ್ಕೆ ನಿಲ್ಲಿಸಿ. ಹೊಸಬರು ರುಚಿ ಹತ್ತಿ ಐದಾರು ಲೋಟ ಕುಡಿದರೆ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ತಿರುಗಬೇಕಾಗುತ್ತದೆ. ಹೊರಡುವಾಗ ಒಂದು ಡಬ್ಬಿ ಜೋನಿಬೆಲ್ಲ ಕೊಂಡುಕೊಳ್ಳಿ, ದರ ಕೇಳಿ ಪೂರ್ತಿ ಕೊಡಿ. ಗೆಳೆತನದ ಹೆಸರಿನಲ್ಲಿ ಬಿಟ್ಟಿ ತರುವ ಚಾಳಿ ನಮ್ಮಲ್ಲಿದೆ.

ಅಡಿಕೆ ಕೊಯ್ಲಿನ ಕಾಲ ಅದಕ್ಕೂ ಮುಂಚಿನದು. ಮರ ಹತ್ತಿ ಕೊಯ್ಯುವ ಕೊನೆಗೌಡರು ಹಗಲು ಇಳಿಸಿದ ಹಸಿ ಅಡಿಕೆಯನ್ನು ರಾತ್ರಿ ಅಂಗಳದಲ್ಲಿ ಕೂತು ಸುಲಿಯುತ್ತಾರೆ. ಸುಲಿಯುವ ಯಂತ್ರ ಬಂದ ಮೇಲೆ ಈ ಸಾಲು ಕಡಿಮೆಯಾಗಿದೆ, ಕೈಯಲ್ಲಿ ಸುಲಿಸುವ ಮನೆಗಳು ಈಗಲೂ ಇವೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಕಣ್ಣೆತ್ತಿ ನಿಮ್ಮ ಅತಿಥಿಯೊಡನೆ ಮಾತಾಡುತ್ತಲೇ ಸುಲಿಯುವುದನ್ನು ನೋಡಿ ಅವರೂ ಪ್ರಯತ್ನಿಸುತ್ತೇನೆ ಎನ್ನುತ್ತಾರೆ. ಒಂದೆರಡಕ್ಕೆ ಬಿಡಿ. ಅದರ ಅಲಗು ಚೂಪು, ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ದಿನಗಟ್ಟಲೆ ಹೋಗುವುದಿಲ್ಲ. ಸುಲಿದದ್ದನ್ನು ಚೊಗರಿನಲ್ಲಿ ಬೇಯಿಸಿ ಒಣಗಿಸಿದ ಮೇಲೆ ಅದು ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂದು ಹೇಳಿದರೆ ಅತಿಥಿಗೆ ಈ ಜಿಲ್ಲೆಯ ಮನೆಗಳು ಯಾವುದರ ಮೇಲೆ ನಿಂತಿವೆ ಎಂಬುದು ತಿಳಿಯುತ್ತದೆ. ಸುಲಿಯುವವರಿಗೆ ಅದು ಕೂಲಿಯ ಹೊತ್ತು. ಅವರ ಕೈ ನಿಲ್ಲಿಸಿ ಸೆಲ್ಫಿ ತೆಗೆಸಿಕೊಳ್ಳುವುದು ಬೇಡ.

ದೀಪಾವಳಿಗೆ ಬಂದವರು ಪುಣ್ಯವಂತರು. ಅಂಟಿಗೆ ಪಂಟಿಗೆಯವರು ಹಚ್ಚಿದ ದೀಪ ಆರದಂತೆ ಹಿಡಿದು, ಹಾಡುತ್ತ, ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಹಾಕಿ, ತಮ್ಮ ದೀಪ ಹಚ್ಚಿಕೊಂಡು, ಅಕ್ಕಿ, ಹೋಳಿಗೆ, ದುಡ್ಡು ಕೊಟ್ಟು ಕಳಿಸುತ್ತಾರೆ. ಅತಿಥಿಯನ್ನು ಮನೆಯೊಳಗೆ ಕೂರಿಸಿ ಕಾಯಿಸಬಹುದು. ತಂಡದಲ್ಲಿ ನಿಮ್ಮವರಿದ್ದರೆ ಒಂದು ಕೇರಿಯಷ್ಟು ದೂರ ಅವರೊಂದಿಗೆ ನಡೆಸುವುದು ಇನ್ನೂ ಒಳ್ಳೆಯದು. ಎಳ್ಳಮಾವಾಸ್ಯೆಯ ತೀರ್ಥಹಳ್ಳಿ ಜಾತ್ರೆಗೆ ಹೋಗುವುದಾದರೆ ತುಂಗೆಯ ಮೇಲಿನ ತೆಪ್ಪೋತ್ಸವದ ರಾತ್ರಿಯನ್ನೇ ಆರಿಸಿಕೊಳ್ಳಿ.

ಸಿಗಂದೂರಿನ ಕಡೆಯೂ ಈಗ ರಾತ್ರಿಯ ಲೆಕ್ಕ ಬದಲಾಗಿದೆ. ಮೊದಲು ಸಂಜೆ ಲಾಂಚ್ ನಿಂತರೆ ಶರಾವತಿಯ ಆಚೆ ದಡದವರು ಆಚೆಯೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿಯ ಕಡೆ ಆಟ ನೋಡಿ ಅದೇ ರಾತ್ರಿ ಸಾಗರಕ್ಕೆ ಮರಳಬಹುದು.

ಆಕಾಶ ಮತ್ತು ಕಾಡು

ಆಕಾಶ ನೋಡಲು ಕಾಡಿಗೆ ಹೋಗಬೇಕಿಲ್ಲ, ಹಳ್ಳಿಮನೆಯ ಗದ್ದೆಯ ಬದುವೇ ಸಾಕು. ಯುರೋಪಿನ ಉತ್ತರ ಭಾಗದಿಂದ ಬಂದವರಿಗೆ ನೀವು ನಿಜಕ್ಕೂ ಹೊಸದೊಂದನ್ನು ತೋರಿಸಬಲ್ಲಿರಿ. ಜನವರಿಯ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ, ಲುಬ್ಧಕದ ಕೆಳಗೆ ದಿಗಂತದ ಹತ್ತಿರ ಹೊಳೆಯುವುದು ಅಗಸ್ತ್ಯ ನಕ್ಷತ್ರ. ಆಕಾಶದ ಎರಡನೆಯ ಅತಿ ಪ್ರಕಾಶದ ನಕ್ಷತ್ರವಾದರೂ ಅದು ಬರ್ಲಿನ್‌ನಲ್ಲಿ ಎಂದೂ ಹುಟ್ಟುವುದಿಲ್ಲ. ಆಮೇಲೆ ಉತ್ತರಕ್ಕೆ ತಿರುಗಿಸಿ. ಅವರ ಊರಿನಲ್ಲಿ ನೆತ್ತಿಯ ಕಡೆಗೆ ಇರುವ ಧ್ರುವ ಇಲ್ಲಿ 14 ಡಿಗ್ರಿ ಎತ್ತರದಲ್ಲಿ, ಅಡಿಕೆ ಮರದ ತುದಿಗೆ ಮರೆಯಾಗುವಷ್ಟು ಕೆಳಗಿದೆ.

ಮೇ ಕೊನೆಯಿಂದ ಮಳೆ ಹಿಡಿಯುವವರೆಗಿನ ಕೆಲವು ವಾರ ಮಿಂಚುಹುಳಗಳ ಕಾಲ. ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಿ, ಹೆಡ್‌ಲೈಟ್, ಟಾರ್ಚ್, ಮೊಬೈಲ್ ಎಲ್ಲ ಆರಿಸಿ ಕಾಯಿರಿ.

ಆದರೆ ರಾತ್ರಿ ಕಾಡಿನೊಳಗೆ ನಡೆಯುವುದಕ್ಕೆ ನನ್ನ ಸಮ್ಮತಿ ಇಲ್ಲ, ಅತಿಥಿ ಎಷ್ಟೇ ಬೇಡಿದರೂ. ಅಭಯಾರಣ್ಯದೊಳಗೆ ಅಪ್ಪಣೆಯಿಲ್ಲದೆ ಹೋಗುವುದು ತಪ್ಪು. ಅದರ ಮೇಲೆ ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮಲ್ಲಿ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡುಬಂದ ಈ ಜ್ವರ ಹರಡುವುದು ಉಣುಗುಗಳ ಕಡಿತದಿಂದ. ಪರದೇಶಕ್ಕೆ ಮರಳಿದ ಮೇಲೆ ಅತಿಥಿಗೆ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಇದರ ಹೆಸರೂ ಹೊಳೆಯಲಿಕ್ಕಿಲ್ಲ. ಆದ್ದರಿಂದ ಮಲೆನಾಡಿನ ಕಾಡಂಚಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಬೇಕೆಂದು ತಿಳಿಸಿ ಕಳಿಸಿ. ಮಳೆಗಾಲದ ಉಂಬಳಗಳು ಪ್ರಾಣಕ್ಕೆ ಅಪಾಯವಲ್ಲ, ಉಪ್ಪೋ ಸುಣ್ಣವೋ ಜೊತೆಗಿದ್ದರೆ ಸಾಕು. ಗದ್ದೆ, ತೋಟದ ದಾರಿಯಲ್ಲಿ ಹಾವಿನ ಭಯಕ್ಕೆ ಬೂಟು ಮತ್ತು ಪ್ರತಿಯೊಬ್ಬರ ಕೈಯಲ್ಲೂ ಒಂದು ಟಾರ್ಚ್.

ವಾಪಸು ಬರುವಾಗ

ಅತಿಥಿಗೆ ಗಾಡಿ ಓಡಿಸಲು ಕೊಡಬೇಡಿ. ಅಂತರರಾಷ್ಟ್ರೀಯ ಪರವಾನಗಿ ಇದ್ದರೂ ಕತ್ತಲಲ್ಲಿ ಎದುರಿನ ಲಾರಿಯ ಹೈಬೀಮ್‌ಗೆ ಅವರು ಸಿದ್ಧರಿರುವುದಿಲ್ಲ. ಬೈಕಿನಲ್ಲಾದರೆ ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ಮೂವರು ಬೇಡ. ಪೇಟೆಯಲ್ಲಿ ಹತ್ತರ ಮೇಲೆ ಆಟೋ ಹಿಡಿಯುವುದಾದರೆ ಹತ್ತುವ ಮೊದಲೇ ದರ ಮಾತಾಡಿ. ಗೊತ್ತಿರುವ ಚಾಲಕರ ನಂಬರ್ ಅತಿಥಿಯ ಮೊಬೈಲಿನಲ್ಲೂ ಇರಲಿ, ನಿಮ್ಮ ಮನೆಯ ವಿಳಾಸವನ್ನು ಕನ್ನಡದಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ. ಬಂದವರು ಹೆಣ್ಣುಮಕ್ಕಳಾದರೆ ನಿಮ್ಮ ಮನೆಯ ಅಕ್ಕನೋ ಅತ್ತಿಗೆಯೋ ಜೊತೆಗೆ ಬರಲಿ. ಆಟದ ಬಯಲಿನಲ್ಲಿ ಶೌಚಾಲಯ ಎಲ್ಲಿದೆ, ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದನ್ನು ಅವರೇ ಸರಿಯಾಗಿ ನೋಡಿಕೊಳ್ಳುತ್ತಾರೆ.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ನಿಂತುಬಿಡಬೇಕು. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಬೆಳಗಾಗಲು ಕಾಯದೆ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ತುರ್ತಿಗೂ 112. ಪ್ರಯಾಣ ವಿಮೆಯ ಕಾಗದದ ಫೋಟೋ ನಿಮ್ಮ ಮೊಬೈಲಿನಲ್ಲೂ ಇದ್ದರೆ ಆಸ್ಪತ್ರೆಯಲ್ಲಿ ಪರದಾಟವಿಲ್ಲ.

ಮರುದಿನ ಬೆಳಿಗ್ಗೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಹತ್ತು ಗಂಟೆಯವರೆಗೆ ಅತಿಥಿಯನ್ನು ಎಬ್ಬಿಸಬಾರದೆಂದು ಮನೆಯಲ್ಲಿ ಹಿಂದಿನ ದಿನವೇ ಹೇಳಿಡಿ, ತಿಂಡಿ ಆರುತ್ತದೆ ಎಂದು ಅಮ್ಮ ಬಾಗಿಲು ತಟ್ಟುವುದು ಏಳೂವರೆಗೇ.